ಓದು, ನಾ ಕೇಳ್ತೇನಿ

ನಮ್ಮ ಅಕ್ಕೋರಿಗೆ ಹುರುಪು ಅಂದರೆ ಆಗುತ್ತಿರಲಿಲ್ಲ. ಕ್ಲಾಸಿಗೆ ಹೊಸದಾಗಿ ಸೇರಲು ಬಂದವರು ಯಾರಾದರೂ "ನನಗ ಪ್ರೋಗ್ರಾಮಿಂಗ್ ಅಂದ್ರ ಭಾಳ ಇಂಟ್ರೆಸ್ಟ್ ಐತ್ರಿ" ಅಂದರೆ, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಇರಲಿ, ಒಂದ್ ತಿಂಗಳದಾಗ ಕಡಿಮಿ ಆಗತೈತಿ. ಆಮ್ಯಾಲೆ ಕಲಿಯೂಣು" ಅನ್ನುತ್ತಿದ್ದರು. ಬಂದವರು ಚೇಷ್ಟೆ ಅಂದುಕೊಂಡು ನಗುತ್ತಿದ್ದರು. ಅಕ್ಕೋರು ನಗುತ್ತಿರಲಿಲ್ಲ. ತಿಂಗಳೊಳಗೆ ಅರ್ಧ ಜನ ಬರುವುದು ಬಿಡುತ್ತಿದ್ದರು. ಉಳಿದ ಅರ್ಧಕ್ಕೆ ಆಮೇಲೆ ಪಾಠ ಶುರುವಾಗುತ್ತಿತ್ತು.

ಈ ಸಲದ ಮಳೆಗಾಲದಲ್ಲಿ ಅವರು ಗಡಹಿಂಗ್ಲಜದಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಶಿರೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿದ್ದೆ. ಕಬ್ಬಿನ ಗಾಡಿ ತೂಗುವ ಕಾಟಾದ ಪ್ರೋಗ್ರಾಮು ಕೆಟ್ಟಿತ್ತು, ಕಬ್ಬು ಅರೆಯುವ ಹಂಗಾಮು ಶುರುವಾಗುವ ಮೊದಲು ಸರಿಮಾಡಬೇಕಿತ್ತು. ಫೋನು ಇಟ್ಟು ಕೆಲಸ ಮುಗಿಸಿದೆ. ಅಳು ಬರಲಿಲ್ಲ. ಆ ದಿನ ಅಷ್ಟೇ ಅಲ್ಲ, ಆಮೇಲೂ ಬರಲಿಲ್ಲ. ಮೈಯೆಲ್ಲ ಭಾರ ಆಗಿತ್ತು, ಅಷ್ಟೇ.

ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಅದು ಸೇರುತ್ತಿರಲಿಲ್ಲ. ಕ್ಲಾಸಿನ ಬೋರ್ಡಿನ ಮೇಲೂ ಅವರ ಹೆಸರಿರಲಿಲ್ಲ. ಊರಿನ ಮರಾಠಿ ಹುಡುಗರಿಗೆ ಅವರು ಮ್ಯಾಡಮ್, ನಮ್ಮಂಥ ಕನ್ನಡ ಮನೆಗಳವರಿಗೆ ಅಕ್ಕೋರು.

ನಾನು ಅವರ ಹತ್ತಿರ ಹೋದದ್ದು ಹುರುಪಿನಿಂದಲ್ಲ. ಇಚಲಕರಂಜಿಯಲ್ಲಿ ನಮ್ಮ ಮಾವನವರ ಕಾಲದ ಮಗ್ಗಗಳಿದ್ದವು. ಒಂದೊಂದಾಗಿ ನಿಂತು, ಕೊನೆಗೆ ಎಲ್ಲವೂ ಗುಜರಿಗೆ ಹೋದವು. ನನ್ನ ಗಂಡ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ನಾನು ಗಡಹಿಂಗ್ಲಜದಲ್ಲಿ ಓದುವಾಗ ಬಿ.ಎಸ್ಸಿ. ಮಾಡಿದ್ದೆ. ಅದು ಮುಗಿದು ಎಷ್ಟೋ ವರ್ಷವಾಗಿತ್ತು, ಗಣಿತದಲ್ಲಿ ನೆನಪುಳಿದದ್ದು ಗಣಿತ ಕಲಿಸಿದವರ ಮುಖ ಮಾತ್ರ. ಮಗಳು ಹೈಸ್ಕೂಲಿಗೆ ಬಂದಿದ್ದಳು. ಮನೆಗೆ ಇನ್ನೊಂದು ಪಗಾರ ಬೇಕೇ ಬೇಕಿತ್ತು. ನೂಲಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಬಾಯಿ, ಒಂಟಿ ಹೆಂಗಸು, ಕಂಪ್ಯೂಟರ್ ಕಲಿಸುತ್ತಾರೆ, ವಯಸ್ಸು ಕೇಳುವುದಿಲ್ಲ ಎಂದು ಯಾರೋ ಹೇಳಿದರು.

ಎರಡು ಕೋಣೆ. ಹಿಂದಿನ ಗೋಡೆಯ ಆಚೆ ಯಾರದೋ ಮಗ್ಗಗಳು ಇನ್ನೂ ನಡೆಯುತ್ತಿದ್ದವು. ಅವುಗಳ ಸದ್ದಿಗೆ ಮೇಜಿನ ಮೇಲಿನ ಚಹಾದ ಕಪ್ಪು ಸಣ್ಣಗೆ ನಡುಗುತ್ತಿತ್ತು. ನಾನು ಮರಾಠಿಯಲ್ಲಿ ಮಾತು ಶುರುಮಾಡಿದೆ. ಎರಡು ವಾಕ್ಯ ಕೇಳಿ ಅಕ್ಕೋರು, "ಯಾವ ಊರವ್ವ ನಿಂದು?" ಅಂದರು.

"ಗಡಹಿಂಗ್ಲಜ್ರಿ."

"ನಮ್ದೂ ಅಲ್ಲೇ. ಹಂಗಾರ ಕನ್ನಡದಾಗ ಮಾತಾಡು. ದಣಿವು ಕಡಿಮಿ ಆಗತೈತಿ."

ಕೆಲಸ ಬೇಕು, ಎಷ್ಟು ದಿನದಲ್ಲಿ ಕಲಿಯಬಹುದು ಎಂದು ಕೇಳಿದೆ. "ಎಷ್ಟು ದಿನ ಅಂತ ಹೇಳಾಕ ಬರೂದಿಲ್ಲ ತಂಗಿ. ದಿನಾ ಬಂದ್ರ ಬರತೈತಿ. ಎರಡು ದಿನ ಕೂತು ನಾಲ್ಕು ದಿನ ಬಿಟ್ಟರ ಬರೂದಿಲ್ಲ. ಇಷ್ಟ ನನಗ ಗೊತ್ತು."

ಅವರೇ ಮೊದಲು ಕೊಲ್ಲಾಪುರ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಿದ್ದವರು. ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಆರ್ಡರು ಬರುವ ನೌಕರಿ. ಒಂದು ಜೂನ್‌ನಲ್ಲಿ ಬರಲಿಲ್ಲ. ಈ ಮಾತನ್ನು ಅವರು ನನ್ನೆದುರು ಆಡಿದ್ದು ಒಂದೇ ಸಲ, ಅದೂ ಸಿಟ್ಟಿಲ್ಲದೆ. "ಬಾ ಅಂತನೂ ಅನ್ನಲಿಲ್ಲ, ಬ್ಯಾಡ ಅಂತನೂ ಅನ್ನಲಿಲ್ಲ. ನಾ ಆಗಸ್ಟ್ ತನಕಾ ಸೀರಿ ಇಸ್ತ್ರಿ ಮಾಡಿ ಇಟ್ಟೆ." ಆಮೇಲೆ ಇಚಲಕರಂಜಿಗೆ ಬಂದು ಈ ಕೋಣೆಗಳನ್ನು ಬಾಡಿಗೆಗೆ ಹಿಡಿದರು. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಮೊದಲ ದಿನ ಎಲ್ಲರಿಗೂ ಅವರು ಕೇಳುತ್ತಿದ್ದದ್ದು ಒಂದೇ: "ನಿನ್ನ ಮನ್ಯಾಗ ದಿನಾ ಬ್ಯಾಸರಾ ಬರೂ ಕೆಲಸಾ ಯಾವುದು?" ಆ ಕೆಲಸವೇ ಮೊದಲ ಪ್ರೋಗ್ರಾಮು. ಪುಸ್ತಕದಲ್ಲಿದ್ದ ಉದಾಹರಣೆ ಬೇಡ, ಬೇರೆಯವರ ಉದಾಹರಣೆ ಬೇಡ. ನನಗೆ ಬ್ಯಾಸರದ ಕೆಲಸವೆಂದರೆ ನಳದ ನೀರು ಕಾಯುವುದು. ಇಚಲಕರಂಜಿಗೆ ನೀರು ದಿನಾ ಬರುವುದಿಲ್ಲ. ಹಿಂದಿನ ಸಲ ಯಾವಾಗ ಬಂತು ಎಂದು ಹೇಳಿದರೆ, ಇವತ್ತು ಪಾಳಿ ಇದೆಯೋ ಇಲ್ಲವೋ ಹೇಳುವ ಪ್ರೋಗ್ರಾಮು ಬರೆಯಲು ಹೇಳಿದರು. ಬರೆಯುವುದರಲ್ಲಿ ಸಾಕುಸಾಕಾಯಿತು. ಒಂದು ದಿನ ಅದು "ಇವತ್ತು ನೀರು ಬರುತ್ತದೆ" ಎಂದು ತೋರಿಸಿತು. ನಾನು ಕೊಡ ತೊಳೆದು ಸಾಲಾಗಿ ಇಟ್ಟೆ. ನೀರು ಬರಲಿಲ್ಲ. ಮರುದಿನ ಮುಖ ಸಣ್ಣ ಮಾಡಿಕೊಂಡು ಹೋದರೆ ಅಕ್ಕೋರು ಎಲ್ಲ ಸಾಲುಗಳನ್ನೂ ನನ್ನಿಂದ ಓದಿಸಿ, "ನಿನ್ನ ಪ್ರೋಗ್ರಾಮು ಬರೋಬ್ಬರಿ ಐತಿ. ನೀರು ತಪ್ಪೇತಿ" ಅಂದರು. ಅವತ್ತು ಅವರು ನಕ್ಕದ್ದನ್ನು ಮೊದಲ ಸಲ ನೋಡಿದೆ.

ಅವರು ಕಲಿಸಿದ್ದು ಪೈಥಾನ್ ಎಂಬ ಒಂದೇ ಕಂಪ್ಯೂಟರ್ ಭಾಷೆ. ಜಯಸಿಂಗಪುರದಿಂದ ಒಬ್ಬ ಬರುತ್ತಿದ್ದ, ದಲಾಲಿ ಅಡತಿ ಅಂಗಡಿಯವರ ಮಗ, ಚುರುಕು. ಅವನಿಗೆ ಐದಾರು ಭಾಷೆಗಳ ಹೆಸರು ಗೊತ್ತಿದ್ದವು. ಯಾವುದು ಕಲಿತರೆ ಒಳ್ಳೆಯದು, ಯಾವುದಕ್ಕೆ ಪಗಾರ ಹೆಚ್ಚು ಎಂದು ದಿನಾ ಒಂದು ಸುದ್ದಿ ತರುತ್ತಿದ್ದ. ಅಕ್ಕೋರು ಒಂದು ದಿನ ಅವನನ್ನು ಕರೆದು, "ತಮ್ಮಾ, ನೀ ಈಜು ಕಲಿಯಾಕ ಹೊಂಟೀದಿ ಅಂತ ತಿಳಕೊ. ಪಂಚಗಂಗಾ ಚಲೋನೋ ಹಿರಣ್ಯಕೇಶಿ ಚಲೋನೋ ಅಂತ ದಂಡ್ಯಾಗ ನಿಂತು ಕೇಳಬ್ಯಾಡ. ಯಾವುದರ ಒಂದರಾಗ ಇಳಿ. ನೀರು ಕುಡಿ" ಅಂದರು. ಅವನು ಕೈಮುಗಿದು ಹೋದವನು ಮತ್ತೆ ಬರಲಿಲ್ಲ. "ಹೋದ್ನಲ್ರಿ" ಎಂದೆ. "ಹೋಗ್ಲಿ ಬಿಡು. ಅವನ ಕೂಡ ಮಾತಾಡಿ ಮಾತಾಡಿ ಗಂಟಲಾ ಒಣಗಿತ್ತು" ಅಂದರು.

ನಾನು ಮಾತ್ರ ಶ್ರಮಪಟ್ಟು ಕಲಿಯುತ್ತಿದ್ದೇನೆ ಎಂಬ ಭ್ರಮೆಯಲ್ಲಿದ್ದೆ. ಮನೆಯಲ್ಲಿ ಕೆಲಸ ಮುಗಿಸಿ ಕೂತು, ಫೋನಿನಲ್ಲಿ ಪಾಠದ ವಿಡಿಯೊ ಹಾಕಿಕೊಂಡು, ಅದರಲ್ಲಿ ಬರೆದದ್ದನ್ನೆಲ್ಲ ಕಾಪಿ ಪುಸ್ತಕದಲ್ಲಿ ಇಳಿಸುತ್ತಿದ್ದೆ. ನೋಡುವಾಗ ಎಲ್ಲವೂ ತಿಳಿಯುತ್ತಿತ್ತು. ತಲೆ ಆಡಿಸುತ್ತಿದ್ದೆ. ತುಂಬಿದ ಕಾಪಿಗಳನ್ನು ಹೆಮ್ಮೆಯಿಂದ ಒಯ್ದು ಅಕ್ಕೋರ ಮುಂದಿಟ್ಟಾಗ ಅವರು ಮುಟ್ಟಲೂ ಇಲ್ಲ.

"ಅವನ್ನ ಕೆಳಗ ಇಡು. ಈಗ ಅದರಾಗಿಂದ ಯಾವುದರ ಒಂದು ಬರಿ, ನೋಡದನ."

ಮೂರನೆಯ ಸಾಲಿಗೆ ನಿಂತೆ. ಕೀಲಿಮಣೆಯ ಮೇಲೆ ಕೈ ಇಟ್ಟು ಕೂತೆ, ಏನೂ ಬರಲಿಲ್ಲ. ಸುತ್ತ ಕೂತ ಹುಡುಗರು ನೋಡದವರಂತೆ ನಟಿಸಿದರು. ಕಣ್ಣಲ್ಲಿ ನೀರು ಬಂತು.

"ಕೈಗೆ ಬರಿಯೂದು ಬಂದೈತಿ, ನಿನಗ ಬಂದಿಲ್ಲ," ಅಕ್ಕೋರ ದನಿಯಲ್ಲಿ ಕಠೋರತೆ ಇರಲಿಲ್ಲ, ದಣಿವಿತ್ತು. "ಇನ್ನೊಬ್ಬರು ರೊಟ್ಟಿ ಬಡಿಯೂದು ನೋಡಿದ್ರ ನಮಗ ಬರತೈತೇನು? ವಿಡಿಯೊ ಒಂದು ಸಲ ನೋಡು. ಬಂದ್ ಮಾಡು. ಆಮ್ಯಾಲೆ ನಿನ್ನಷ್ಟಕ್ಕ ನೀ ಬರಿ. ಅಡಚಣಿ ಬಂದು ನಿಂತಲ್ಲೆ ಕಲಿಯೂದು ಐತಿ. ಸರಳ ಹೋದಲ್ಲೆ ಏನೂ ಇಲ್ಲ."

ಆ ದಿನದಿಂದ ಅವರು ನನಗೆ ಹೊಸದು ಕಲಿಸುವುದನ್ನೇ ನಿಲ್ಲಿಸಿದರು. ನೀರಿನ ಪ್ರೋಗ್ರಾಮನ್ನೇ ಮತ್ತೆ ಮೊದಲಿಂದ ಬರಿ ಅಂದರು. ಬರೆದೆ. ಅಳಿಸು, ಮತ್ತೆ ಬರಿ. ಬರೆದದ್ದು ಸರಿಯಾಗಿ ನಡೆಯುತ್ತಿದ್ದರೆ, "ಈಗ ಅದನ್ನ ಕೆಡಸು. ಒಂದು ಸಾಲು ತಗದು ಹಾಕು. ಏನಾಗತೈತಿ ಹೇಳು. ಗುಂಡಿ ಒತ್ತೂಕಿಂತ ಮೊದಲ ಬಾಯಿಲೆ ಹೇಳು." ನಾನು ಹೇಳಿದಂತೆಯೇ ಆದರೆ ಅವರು ಇನ್ನೊಂದು ಸಾಲು ತೆಗೆಸುತ್ತಿದ್ದರು. ನಾನು ಒಂದು ಹೇಳಿ ಇನ್ನೊಂದು ಆದರೆ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು.

ತಪ್ಪಾದಾಗ ಪರದೆಯ ಮೇಲೆ ಕೆಂಪು ಅಕ್ಷರಗಳು ಬರುತ್ತವೆ, ಇಂಗ್ಲಿಷಿನಲ್ಲಿ, ಒಂದರ ಕೆಳಗೊಂದು. ನಾವೆಲ್ಲ ಹೆದರಿ ಅದನ್ನು ಮುಚ್ಚಿಬಿಡುತ್ತಿದ್ದೆವು. "ಅದೇನು ಬೈಯಾಕತ್ತಿಲ್ಲ. ಎಲ್ಲೆ ಎಡವೀದಿ ಅಂತ ಹೇಳಾಕತ್ತೈತಿ. ಕಡೀ ಸಾಲು ಮೊದಲ ಓದು. ದೊಡ್ಡದಾಗಿ ಓದು, ನಾ ಕೇಳ್ತೇನಿ."

ಓದು, ನಾ ಕೇಳ್ತೇನಿ. ಈ ಮಾತು ನಮ್ಮ ಕ್ಲಾಸಿನಲ್ಲಿ ದಿನವಿಡೀ ಕೇಳುತ್ತಿತ್ತು. ಬರೆದ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕು. ಚುಕ್ಕೆ, ಕಂಸ, ಜಾಗ ಬಿಟ್ಟದ್ದು, ಎಲ್ಲವನ್ನೂ. ಓದುತ್ತ ಓದುತ್ತ ನಮ್ಮ ತಪ್ಪು ನಮ್ಮ ನಾಲಿಗೆಗೇ ಸಿಗುತ್ತಿತ್ತು. ಹುಡುಗರು ಬೀದಿಯಲ್ಲಿ ಇದನ್ನು ಅಣಕಿಸುತ್ತಿದ್ದರು. ಆದರೆ ಈ ರೀತಿ ಕಲಿತವರು ಬೇರೆ ಕಡೆ ಕಲಿತವರಿಗಿಂತ ಗಟ್ಟಿ ಎಂಬ ಹೆಸರೂ ಊರಲ್ಲಿತ್ತು.

ಒಂದು ಮಧ್ಯಾಹ್ನ ಬೇರೆ ಯಾರೂ ಇರಲಿಲ್ಲ. ಪರದೆಯ ಮೇಲೆ ಒಂದು ತಪ್ಪು ಬಂದಿತ್ತು. ಅಕ್ಕೋರು ಪಕ್ಕದಲ್ಲೇ ಕೂತಿದ್ದರು. ಓದು ಅಂದರು. ನನಗೆ ಅಂದು ಬೆಳಿಗ್ಗೆಯಿಂದ ತಲೆನೋವು. "ನಿಮ್ಮ ಮುಂದ ಐತಲ್ರಿ ಅಕ್ಕೋರ, ನೀವ ನೋಡ್ರಿ" ಅಂದುಬಿಟ್ಟೆ. ಅವರು ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಡಲು ಹೋದರು. ಮೇಜು ಅಲ್ಲಿರಲಿಲ್ಲ. ಒಂದು ಗೇಣು ಈಚೆಗೆ, ಗಾಳಿಯಲ್ಲಿ ಇಟ್ಟರು. ಕಪ್ಪು ಬಿದ್ದು ಒಡೆಯಿತು.

ನಾನು ಚೂರು ಆರಿಸಿದೆ. ಅವರು ಎದ್ದೇಳಲಿಲ್ಲ.

"ತಿಳೀತೇನು?" ಅಂದರು.

"ಯಾವಾಗಿಂದ್ರಿ?"

"ಸಕ್ಕರಿ ಬ್ಯಾನಿ ಹಳೇದು. ಕಣ್ಣಿಗೆ ಇಳಿದು ಎರಡು ವರ್ಷ ಆತು. ಮೊದಲ ಅಕ್ಷರಾ ಹೋದವು. ಈಗ ಮಂದಿ ಮಾರಿನೂ ಹೊಂಟಾವು. ನೀ ಬಂದಿದ್ದು ಚಪ್ಪಲಿ ಸಪ್ಪಳದಿಂದ ಗೊತ್ತಾಗತೈತಿ."

ಮಿರಜದ ಡಾಕ್ಟರರ ಹತ್ತಿರ ಸೂಜಿ ಹಾಕಿಸಿಕೊಳ್ಳುತ್ತಿದ್ದರು, ಗುಣ ಬಂದಿರಲಿಲ್ಲ. ನಾವು ಶಿಸ್ತು ಅಂದುಕೊಂಡದ್ದು, ಪದ್ಧತಿ ಅಂದುಕೊಂಡದ್ದು, ಅವರಿಗೆ ಬೇರೆ ದಾರಿ ಇಲ್ಲದ್ದಕ್ಕೆ ಹುಟ್ಟಿದ್ದು. "ಹಂಗಾರ ಓದಸೂದು…" ಎಂದೆ.

"ಮೊದಲ ನನ್ನ ಸಲುವಾಗಿ ಓದಸ್ತಿದ್ದೆ. ನೋಡಿದ್ರ ನೀವೂ ಚಲೋ ಕಲಿಯಾಕತ್ತಿದ್ರಿ. ಇರಲಿ ಅಂತ ಬಿಟ್ಟೆ." ನನ್ನ ದನಿಯ ಕಡೆ ತಿರುಗಿ, "ಯಾರ ಮುಂದನೂ ಹೇಳಬ್ಯಾಡ. ಕಣ್ಣಿಲ್ಲದ ಬಾಯಿ ಕಡೆ ಕಂಪ್ಯೂಟರ್ ಕಲಿಯಾಕ ಯಾರು ಬರ್ತಾರ?" ಅಂದರು.

ನಾನು ಹೇಳಲಿಲ್ಲ. ಹೇಳುವ ಕಾಲವೂ ಉಳಿಯಲಿಲ್ಲ. ಫೋನಿಗೆ ಹೇಳಿದರೆ ಅದೇ ಪೂರ್ತಿ ಪ್ರೋಗ್ರಾಮು ಬರೆದುಕೊಡುವ ಕಾಲ ಬಂತು. ಹುಡುಗರು ಒಬ್ಬೊಬ್ಬರಾಗಿ ಕಡಿಮೆಯಾದರು. ಅಕ್ಕೋರು ಅದನ್ನು ಬೈಯಲಿಲ್ಲ. ಉಳಿದವರಿಗೆ, "ಕೇಳ್ರಿ ಅದನ್ನ. ಬರಸಿಕೊಳ್ಳಬ್ಯಾಡ್ರಿ, ನೀವು ಬರದದ್ದು ಯಾಕ ತಪ್ಪೇತಿ ಅಂತ ಕೇಳ್ರಿ. ಅದು ನನಗಿಂತ ಚಲೋ ಹೇಳತೈತಿ, ಅದಕ್ಕ ದಣಿವಿಲ್ಲ" ಅನ್ನುತ್ತಿದ್ದರು. ದೀಪಾವಳಿ ಆದ ಮೇಲೆ ಎರಡನೆಯ ಕೋಣೆ ಬಿಟ್ಟರು. ಬೇಸಿಗೆಯಲ್ಲಿ ಮೊದಲನೆಯದನ್ನೂ ಬಿಟ್ಟರು. ಕಂಪ್ಯೂಟರುಗಳನ್ನು ಟೆಂಪೊದಲ್ಲಿ ಏರಿಸುವಾಗ ಹಮಾಲರಿಗೆ "ಸಾವಕಾಶ, ಸಾವಕಾಶ" ಅನ್ನುತ್ತ ಮೆಟ್ಟಿಲ ಮೇಲೆ ಕೂತಿದ್ದರು. ಅವರ ತಮ್ಮ ಬಂದು ಗಡಹಿಂಗ್ಲಜಕ್ಕೆ ಕರೆದುಕೊಂಡು ಹೋದರು.

ಕ್ಲಾಸು ಇನ್ನೂ ಇದ್ದಾಗಿನ ನನ್ನ ಕೆಲಸದ ಕಥೆ ಹೇಳಬೇಕು. ಕೊಲ್ಲಾಪುರದಲ್ಲಿ ಮೊದಲು ಹೋದ ಆಫೀಸಿನಲ್ಲಿ, ಮಗನ ವಯಸ್ಸಿನವನೊಬ್ಬ ನನ್ನ ಅರ್ಜಿ ನೋಡಿ ಮರಾಠಿಯಲ್ಲಿ, "ಕಾಕು, ಈ ವಯಸ್ಸಿನಲ್ಲಿ ಯಾಕೆ ಈ ತ್ರಾಸು?" ಎಂದು ಕೇಳಿದ. ಚಿಕ್ಕಮ್ಮನನ್ನು ಕೇಳುವಂತೆ ಮರ್ಯಾದೆಯಿಂದಲೇ ಕೇಳಿದ. ಅದಕ್ಕೇ ಇನ್ನೂ ಕೆಟ್ಟದೆನಿಸಿತು. ಬಸ್ಸಿಳಿದು ಮನೆಗೆ ಹೋಗದೆ ನೇರ ಕ್ಲಾಸಿಗೆ ಹೋದೆ. ಅಕ್ಕೋರು ಕೇಳಿದ್ದು, "ಊಟಾ ಆತೇನು?"

"ಇಲ್ರಿ."

ಡಬ್ಬಿ ನನ್ನ ಕಡೆ ಸರಿಸಿದರು. ರೊಟ್ಟಿ, ಜುಣಕ. ತಿಂದ ಮೇಲೆ, "ನಾಳೆ ಬರ್ತಿ?"

"ಬರ್ತೇನ್ರಿ."

ಅಷ್ಟೇ. ಧೈರ್ಯ ಹೇಳಲಿಲ್ಲ, ಆ ಹುಡುಗನನ್ನು ಬೈಯಲೂ ಇಲ್ಲ.

ಎರಡನೆಯದು, ಕೊಲ್ಲಾಪುರದಲ್ಲೇ, ಈಗ ನಾನಿರುವ ಆಫೀಸು. ಸಕ್ಕರೆ ಕಾರ್ಖಾನೆಗಳ ಕಾಟಾಗಳಿಗೆ ಪ್ರೋಗ್ರಾಮು ಮಾಡಿಕೊಡುತ್ತಾರೆ. ನನ್ನ ಮುಂದೆ ಕೆಟ್ಟದ್ದೊಂದನ್ನು ಇಟ್ಟು, ಏನಾಗಿದೆ ಹೇಳಿ ಎಂದು ಹೊರಗೆ ಹೋದರು. ಯಾರೂ ಇಲ್ಲದ್ದರಿಂದ ನಾನು ಗಟ್ಟಿಯಾಗಿ ಓದತೊಡಗಿದೆ. ಅರ್ಧಕ್ಕೆ ಬಂದಾಗ ನಾಲಿಗೆ ತಡೆಯಿತು. ಒಂದು ಗಾಡಿಯ ಖಾಲಿ ತೂಕವನ್ನು ಕಳೆಯುವ ಬದಲು ಅದರ ಹಿಂದಿನ ಗಾಡಿಯದನ್ನು ಕಳೆಯುತ್ತಿತ್ತು. ಬಾಗಿಲಲ್ಲಿ ಮಾಲೀಕರು ನಿಂತು ಕೇಳಿಸಿಕೊಳ್ಳುತ್ತಿದ್ದರಂತೆ. ಮುಂದಿನ ವಾರ ಕೆಲಸಕ್ಕೆ ಬರಲು ಹೇಳಿದರು. ಪಗಾರ ದೊಡ್ಡದಲ್ಲ. ದಿನಾ ಇಚಲಕರಂಜಿಯಿಂದ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತೇನೆ. ಸುದ್ದಿ ಹೇಳಿದಾಗ ಅಕ್ಕೋರು, "ಚಲೋ ಆತು. ಈಗ ಖರೇ ಕಲಿಯೂದು ಶುರು" ಅಂದರು.

ಅವರು ಊರಿಗೆ ಹೋದ ಮೇಲೆ ರವಿವಾರಗಳಲ್ಲಿ ಆಗಾಗ ಹೋಗುತ್ತಿದ್ದೆ. ಕೊಲ್ಲಾಪುರ ಬಿಟ್ಟು ನಿಪ್ಪಾಣಿ ಬರುವಾಗ ಅಂಗಡಿ ಬೋರ್ಡುಗಳು ಕನ್ನಡ ಆಗುತ್ತವೆ, ಗಡಹಿಂಗ್ಲಜ ಸಮೀಪಿಸಿದರೆ ಮತ್ತೆ ಮರಾಠಿ. ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಅಕ್ಕೋರು ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಿದ್ದರು. ಕಣ್ಣು ಪೂರ್ತಿ ಹೋಗಿತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ಸೌಲಭ್ಯ ಹಾಕಿಸಿಕೊಂಡಿದ್ದರು. ಕಿವಿಯಲ್ಲಿ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬಡಬಡಿಸುತ್ತಿದ್ದಳು. "ಈಕಿಗೆ ಎಲ್ಲೆ ಹೋಗೂದು ಐತೋ ಏನೋ, ಇಷ್ಟ್ ಅವಸರಾ" ಎಂದು ಅವಳ ವೇಗ ತಗ್ಗಿಸಿ ತಗ್ಗಿಸಿ ಕೇಳುತ್ತಿದ್ದರು. ಜೀವನವಿಡೀ ಕಲಿಸಿದ ಭಾಷೆಯನ್ನು ಕಿವಿಯಿಂದ ಮತ್ತೆ ಅ ಆ ಇ ಈಯಿಂದ ಶುರುಮಾಡಿದ್ದರು.

ಪೈಥಾನ್‌ನಲ್ಲಿ ಸಾಲಿನ ಮೊದಲು ಎಷ್ಟು ಜಾಗ ಬಿಟ್ಟಿದ್ದೇವೆ ಎಂಬುದಕ್ಕೆ ಅರ್ಥವಿದೆ. ಕಣ್ಣಿಗೆ ಅದು ತಟ್ಟನೆ ಕಾಣುತ್ತದೆ. ಕಿವಿಗೆ ಖಾಲಿ ಜಾಗ ಹೇಗೆ ಕೇಳಬೇಕು? ಅವರು ಬರೆದದ್ದು ಪ್ರತಿ ಸಲ ಅಲ್ಲೇ ಎಡವುತ್ತಿತ್ತು. ಒಂದು ರವಿವಾರ ನನಗೆ ತಡೆಯಲಾಗಲಿಲ್ಲ. ಅವರ ಕೈ ಆಚೆಗಿದ್ದಾಗ ಸದ್ದಿಲ್ಲದೆ ಗುಂಡಿ ಒತ್ತಿ ಜಾಗ ಸರಿಮಾಡಿದೆ. ಪ್ರೋಗ್ರಾಮು ನಡೆಯಿತು. ಅಕ್ಕೋರ ಮುಖ ಅರಳಲಿಲ್ಲ.

"ನೀ ಒತ್ತಿದಿ?"

"ಹೌದ್ರಿ."

ಲ್ಯಾಪ್‌ಟಾಪ್ ಮುಚ್ಚಿದರು. "ಚಾ ಕುಡದು ಹೋಗು. ಬಸ್ಸಿಗೆ ತಡಾ ಆಗತೈತಿ."

ಮುಂದಿನ ಸಲ ಹೋದಾಗ ಅವರೇ ಬಾಗಿಲಿಗೆ ಬಂದರು. ಕುರುಡರಿಗೆ ಕಂಪ್ಯೂಟರ್ ಕಲಿಸುವ ಯಾರನ್ನೋ ಫೋನಿನಲ್ಲಿ ಹಿಡಿದು ವಿಚಾರಿಸಿದ್ದರಂತೆ. ಸಾಲು ಎಷ್ಟು ಒಳಗೆ ಸರಿದಿದೆ ಎಂಬುದನ್ನು ಸ್ವರದಿಂದ ತಿಳಿಸುವ ಉಪಾಯ ಇದೆಯಂತೆ. ಒಳಗೆ ಹೋದಷ್ಟೂ ಸ್ವರ ಏರುತ್ತದೆ. ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟರು. ಭಜನೆಗೆ ಮೊದಲು ಪೇಟಿ ಬಾರಿಸುವವರು ಕೈ ಆಡಿಸಿದಂತೆ ಕೇಳಿಸಿತು. ಬೆರಳು ಆಡಿಸುತ್ತ ಪುಟ್ಟದೊಂದು ಪ್ರೋಗ್ರಾಮು ಬರೆದರು, ತಪ್ಪಿಲ್ಲದೆ. ಬರೆದು ಮುಗಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಇಷ್ಟು ವರ್ಷ ನಾ ಎಲ್ಲಾರಿಗೂ ಭಾಳ ಲಗೂ ಲಗೂ ಕಲಿಸೇನಿ" ಅಂದರು. "ಗೊತ್ತಿದ್ದವರಿಗೆ ಹೊಸಬರ ತ್ರಾಸು ಮರತು ಹೋಗತೈತಿ. ನನಗ ಕಣ್ಣು ಹೋದ ಮ್ಯಾಲೆ ನೆನಪಾತು."

ಮುಂದಿನ ಬೇಸಿಗೆಯ ಹೊತ್ತಿಗೆ ಮೂತ್ರಪಿಂಡಕ್ಕೂ ರೋಗ ಇಳಿಯಿತು. ದಿನ ಬಿಟ್ಟು ದಿನ ದವಾಖಾನೆಗೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕಾಯಿತು. ಫೋನು ಮಾಡಿದರೆ ದನಿ ಸೋತಿರುತ್ತಿತ್ತು. ಒಮ್ಮೆ, "ಬಾಜೂ ಕಾಟಿನ್ಯಾಗ ಒಬ್ಬರು ಸಿಕ್ಕಾರ. ಸುಮ್ನ ಮಕ್ಕೊಂಡು ಏನ ಮಾಡೂದು, ಅವರಿಗೆ ಕಲಸಾಕತ್ತೇನಿ" ಅಂದರು. ಕಂಪ್ಯೂಟರ್ ಇಲ್ಲದೆ ಹೆಂಗ್ರಿ ಎಂದು ಕೇಳಿದೆ. "ಬಾಯಿ ಐತಲ್ಲ" ಅಂದರು. ನಾನು ತಮಾಷೆ ಅಂದುಕೊಂಡೆ. ನಮ್ಮ ಆಫೀಸಿನಲ್ಲಿ ಹಂಗಾಮಿನ ಗಡಿಬಿಡಿ ಶುರುವಾಗಿತ್ತು, ಹೋಗಲು ಆಗಲಿಲ್ಲ. ಆಮೇಲೆ ಆ ಫೋನು ಬಂತು.

ಮಣ್ಣು ಮಾಡುವ ಹೊತ್ತಿಗೆ ನಾನು ಹೋಗಿ ಮುಟ್ಟಲಿಲ್ಲ. ನಂತರದ ಒಂದು ಶನಿವಾರ ಅರ್ಧ ದಿನ ರಜೆ ಹಾಕಿ, ಆಫೀಸಿನ ಚೀಲ ಹೆಗಲಲ್ಲಿರುವಂತೆಯೇ ಗಡಹಿಂಗ್ಲಜದ ಬಸ್ಸು ಹತ್ತಿದೆ. ಅವರ ತಮ್ಮನ ಹೆಂಡತಿ ನೀರು ಕೊಟ್ಟರು, ಚಹಾ ಕೊಟ್ಟರು. ನಾನು ಏಳುವಾಗ, "ದವಾಖಾನ್ಯಾಗ ಒಬ್ಬರು ಅದಾರ್ರಿ, ಆಜರಾ ಊರಿನವರು. ಕೊಲ್ಲಾಪುರದ ಆಫೀಸಿನ ಬಾಯಾರು ಬಂದ್ರ ಒಂದ್ ಸಲ ಕಳಸ್ರಿ ಅಂತ ಹೇಳ್ಯಾರ. ಇವತ್ತ ಅವರ ಪಾಳಿ ಐತಿ" ಅಂದರು. ನನಗೆ ಹೋಗುವ ಮನಸ್ಸಿರಲಿಲ್ಲ. ಕಾಲು ನೋಯುತ್ತಿತ್ತು. ಬಸ್ ನಿಲ್ದಾಣದ ದಾರಿಯಲ್ಲೇ ದವಾಖಾನೆ ಇದ್ದದ್ದರಿಂದ ಹೋದೆ.

ಅವರು ಗೋಡಂಬಿ ವ್ಯಾಪಾರಿ. ಐವತ್ತು ದಾಟಿದವರು, ಹಣೆಯಲ್ಲಿ ವಿಭೂತಿ. ಎಡಗೈಗೆ ನಳಿಗೆಗಳನ್ನು ಸಿಕ್ಕಿಸಿದ್ದರು, ಬಲಗೈಯಿಂದಲೇ ನಮಸ್ಕಾರ ಮಾಡಿದರು. ಪಕ್ಕದ ಕಾಟಿನಲ್ಲಿ ಈಗ ಬೇರೆ ಯಾರೋ ಮಲಗಿದ್ದರು.

"ಅಕ್ಕೋರು ನಿಮ್ಮ ಸುದ್ದಿ ಭಾಳ ಹೇಳ್ತಿದ್ರು" ಅಂದರು.

"ಏನಂತಿದ್ರು?"

"ಕಲಿಯೂದು ಕಡಿತನಕಾ ಬಿಡಲಿಲ್ಲ ಅಂತಿದ್ರು."

ಆಮೇಲೆ ಅವರು ಹೇಳಿದ್ದು ಇಷ್ಟು. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ಲೆಕ್ಕವೆಲ್ಲ ಅಂಗಡಿಯಲ್ಲಿ ಅಳಿಯ ನೋಡುತ್ತಾನೆ. ಯಂತ್ರಕ್ಕೆ ಕೈ ಕೊಟ್ಟ ಆ ನಾಲ್ಕು ತಾಸು ಮೇಲಿನ ಛತ್ತು ನೋಡುತ್ತ ಮಲಗಿದರೆ ಬರೀ ಸಾವಿನ ವಿಚಾರ ಬರುತ್ತಿತ್ತು. ಒಂದು ದಿನ ಅಕ್ಕೋರು ನಿಮಗೆ ಬ್ಯಾಸರದ ಕೆಲಸ ಯಾವುದು ಎಂದು ಕೇಳಿದರಂತೆ. ಗೋಡಂಬಿಯನ್ನು ಸಣ್ಣದು, ಮಧ್ಯಮ, ದೊಡ್ಡದು ಎಂದು ಬೇರೆ ಮಾಡಿಸುವುದು ಎಂದರಂತೆ ಇವರು. ಅಲ್ಲಿಂದ ಇಬ್ಬರೂ ಮಲಗಿದಲ್ಲೇ, ಬಾಯಿಯಿಂದಲೇ, ಗೋಡಂಬಿ ವಿಂಗಡಿಸುವ ಪ್ರೋಗ್ರಾಮನ್ನು ಸಾಲು ಸಾಲಾಗಿ ಕಟ್ಟಿದ್ದರು. ಕಣ್ಣಿಲ್ಲದವರು ಹೇಳುವುದು, ಪ್ರೋಗ್ರಾಮು ಬರೆಯಲು ಬಾರದವರು ನೆನಪಿಟ್ಟುಕೊಳ್ಳುವುದು. ಪೂರ್ತಿ ಆಗಿದೆಯಂತೆ, ಇವರಿಗೆ ಬಾಯಿಪಾಠ ಇದೆಯಂತೆ. ಆದರೆ ಅದು ನಡೆಯುತ್ತದೋ ಇಲ್ಲವೋ ಯಾರೂ ನೋಡಿಲ್ಲ.

"ಕಲತು ಏನ ಮಾಡಾವ್ರಿದ್ರಿ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಏನೂ ಇಲ್ರಿ" ಅಂದರು. "ಮುಂದಿನ ಪಾಳಿ ಎಂದ ಬರತೈತಿ ಅಂತ ಕಾಯೂಹಂಗ ಆಗಿತ್ತು, ಅಷ್ಟ. ಈ ಯಂತ್ರದ ಸಲುವಾಗಿ ಯಾರರ ಕಾಯ್ತಾರೇನ್ರಿ?"

ಚೀಲದಿಂದ ಲ್ಯಾಪ್‌ಟಾಪ್ ತೆಗೆದೆ. ಸ್ಟೂಲು ಎಳೆದುಕೊಂಡು ಕೂತೆ. ಅವರು ಕಣ್ಣು ಮುಚ್ಚಿ ಹೇಳುತ್ತ ಹೋದರು, ಎಲ್ಲಿ ಜಾಗ ಬಿಡಬೇಕು ಎಂಬುದನ್ನೂ ಸೇರಿಸಿ. ನಾನು ಒತ್ತುತ್ತ ಹೋದೆ. ಎಲ್ಲ ಮುಗಿದ ಮೇಲೆ ಪರದೆಯನ್ನು ಅವರ ಕಡೆ ತಿರುಗಿಸಿ, ಅವರ ಬಲಗೈ ಬೆರಳನ್ನು ಗುಂಡಿಯ ಮೇಲಿಟ್ಟೆ. ಒತ್ತಿದರು.

ನಡೆಯಿತು. ಒಂದೂ ಕೆಂಪು ಅಕ್ಷರ ಬರಲಿಲ್ಲ. ಸಣ್ಣ ಗೋಡಂಬಿಯ ಅಳತೆ ಹೇಳಿದರು, ಸಣ್ಣದು ಎಂದಿತು. ಮಧ್ಯಮದ್ದು ಹೇಳಿದರು, ಮಧ್ಯಮ ಎಂದಿತು. ದೊಡ್ಡದರ ಅಳತೆ ಹೇಳಿದರು. ಅದಕ್ಕೂ ಮಧ್ಯಮ ಎಂದಿತು.

ಮತ್ತೊಂದು, ಇನ್ನೂ ದೊಡ್ಡದು. ಮಧ್ಯಮ.

ನನಗೆ ತಪ್ಪು ಕಾಣಿಸಿತು. ಸಣ್ಣದಕ್ಕಿಂತ ದೊಡ್ಡದೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿದ್ದರು. ದೊಡ್ಡವೆಲ್ಲ ಆ ಪ್ರಶ್ನೆಗೇ ಹೌದೆಂದು ಮಧ್ಯಮದ ರಾಶಿಗೆ ಬೀಳುತ್ತಿದ್ದವು. ಎರಡು ಪ್ರಶ್ನೆಗಳ ಜಾಗ ಅದಲುಬದಲು ಮಾಡಿದರೆ ಮುಗಿಯಿತು. ಬಾಯಿ ತೆರೆದೆ.

"ಹೇಳಬ್ಯಾಡ್ರಿ" ಅಂದರು ಅವರು. ಪರದೆಯನ್ನೇ ನೋಡುತ್ತಿದ್ದರು. "ತಡೀರಿ. ನಾ ಹುಡಕ್ತೇನಿ."

ಮೊದಲಿಂದ ಸಾಲುಗಳನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳತೊಡಗಿದರು. ನರ್ಸು ಬಂದು ಯಂತ್ರ ನೋಡಿ, ಸ್ವಲ್ಪವೇ ಹೊತ್ತು ಉಳಿದಿದೆ ಎಂದು ಹೋದಳು. ಇಚಲಕರಂಜಿಗೆ ಹೊತ್ತಿಗೆ ಮುಟ್ಟಬೇಕಾದರೆ ನಾನು ಆಗಲೇ ಏಳಬೇಕಿತ್ತು. ಅವರು ಅರ್ಧಕ್ಕೆ ನಿಂತು, ಹುಬ್ಬು ಗಂಟಿಕ್ಕಿ, ಮತ್ತೆ ಮೇಲಿಂದ ಶುರುಮಾಡಿದರು.

ನಾನು ಗೋಡೆಗೆ ಬೆನ್ನು ಹಚ್ಚಿ ಕೇಳುತ್ತ ಕೂತೆ. ಕಿಟಕಿಯಾಚೆ ನಾನು ಹಿಡಿಯಬೇಕಿದ್ದ ಕೊಲ್ಲಾಪುರದ ಬಸ್ಸು ಹೋಯಿತು.